ಕಂಠಕ್ಕೆ ಬಂದ ಕಂಟಕ
ಕತ್ತು-ತಲೆಗಳ ಕ್ಯಾನ್ಸರಿಗೆ ಗುರಿತಪ್ಪದ ಕಿರಣ ಚಿಕಿತ್ಸೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಹಿರಿಯರ ಮಾತು. ಈ ಎರಡು ಬಲ್ಲತನಗಳಿಗೂ ಸೃಷ್ಟಿಯು ಒಂದೇ ಬಾಗಿಲನ್ನು ಇರಿಸಿದೆ. ತುತ್ತು ಒಳಗೆ ಹೋಗುವುದೂ ಮಾತು ಹೊರಗೆ ಬರುವುದೂ ಬಾಯಿ-ಗಂಟಲುಗಳೆಂಬ ಗೇಣುದ್ದದ ಹಾದಿಯಲ್ಲಿಯೇ. ಉಸಿರಿನ ಸಂಚಾರವೂ ಆ ಹಾದಿಯಲ್ಲಿಯೇ. ದೇಹದ ಬೇರಾವ ಭಾಗದಲ್ಲಿಯೂ ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟೊಂದು ಹಿರಿದಾದ ಕೆಲಸಗಳು ನಡೆಯುವುದಿಲ್ಲ. ಆದುದರಿಂದಲೇ ಅಲ್ಲಿ ಕ್ಯಾನ್ಸರ್ ತಲೆದೋರಿದಾಗ ಮನುಷ್ಯನು ಪ್ರಾಣಕ್ಕಾಗಿ ಮಾತ್ರವಲ್ಲ, ಊಟಕ್ಕಾಗಿ, ಮಾತಿಗಾಗಿ, ನಾಲ್ಕು ಜನರ ನಡುವೆ ತಲೆಯೆತ್ತಿ ಕುಳಿತುಕೊಳ್ಳುವ ಬಾಳಿಗಾಗಿ ಹೋರಾಡಬೇಕಾಗುತ್ತದೆ. ಅರ್ಬುದವೆಂದು ಪ್ರಾಚೀನರು ಕರೆದ ಈ ವ್ಯಾಧಿಯನ್ನು ಕೊಲ್ಲಬೇಕು. ಆದರೆ ಅದು ಹೊಕ್ಕು ಕುಳಿತಿರುವ ಮನೆಯನ್ನು ಕೆಡವಬಾರದು. ಕಳೆದ ನೂರು ವರ್ಷಗಳಿಂದ ಕಿರಣ ಚಿಕಿತ್ಸೆಯು ಬಿಡಿಸುತ್ತ ಬಂದಿರುವ ಒಗಟು ಇದೇ.

ಪಡುಬಿದ್ರಿಯಿಂದ ಹೊರಟವನು

ಮಂಗಳೂರಿಗೂ ಉಡುಪಿಗೂ ನಡುವೆ, ಕಡಲಿನ ಮೊರೆತ ಕೇಳಿಸುವಷ್ಟು ಹತ್ತಿರದಲ್ಲಿ ಪಡುಬಿದ್ರಿಯಿದೆ. ಹೆದ್ದಾರಿಯಿಂದ ಕಾರ್ಕಳದ ರಸ್ತೆ ಕವಲೊಡೆಯುವುದು ಇಲ್ಲಿಯೇ. ಬ್ರಹ್ಮಸ್ಥಾನದ ಢಕ್ಕೆಬಲಿಯಿಂದ ಹೆಸರಾದ ಊರು. ಯಕ್ಷಗಾನ, ತಾಳಮದ್ದಳೆಗಳ ನಾಡು. ಈ ಊರಿನ ಆಸುಪಾಸಿನ ಗೃಹಸ್ಥನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಇಂತಹವರು ಕರಾವಳಿಯ ಪ್ರತಿಯೊಂದು ಪೇಟೆಯಲ್ಲಿಯೂ ಇರುವುದರಿಂದ ಆತನಿಗೆ ಹೆಸರು ಬೇಕಿಲ್ಲ. ವಯಸ್ಸು ಐವತ್ತನ್ನು ದಾಟಿದೆ. ಜೀನಸಿನ ಅಂಗಡಿಯೊಂದಿದೆ. ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆಗೆ ಕುಳಿತು ಅರ್ಥ ಹೇಳುವ ಹವ್ಯಾಸವುಂಟು. ಎಡಗೈಯ ಬಳಿಯಲ್ಲಿ ಹರಿವಾಣ. ಅದರಲ್ಲಿ ತುಳುವರು ಬಚ್ಚಿರೆ-ಬಜ್ಜೆಯಿ ಎನ್ನುವ ಎಲೆ-ಅಡಿಕೆ, ಸುಣ್ಣ, ಒಂದೆಳೆ ಹೊಗೆಸೊಪ್ಪು. ಅಂಗಡಿಯಲ್ಲಿ ಕುಳಿತಾಗ ಬೀಡಿಯೂ ಉಂಟು.

ಒಂದು ದಿನ ಗಡ್ಡ ಹೆರೆಯುವಾಗ ಕತ್ತಿನ ಪಕ್ಕದಲ್ಲಿ ಗಂಟೊಂದು ಕೈಗೆ ಸಿಕ್ಕಿತು. ನೋವಿರಲಿಲ್ಲ, ಆದುದರಿಂದ ಹೆದರಿಕೆಯೂ ಆಗಲಿಲ್ಲ. ಕೆಲವು ವಾರಗಳಲ್ಲಿ ಗಂಜಿಯನ್ನು ನುಂಗುವಾಗಲೂ ಗಂಟಲಿನಲ್ಲಿ ಏನೋ ಅಡ್ಡ ನಿಂತಂತೆನಿಸಿತು. ಒಂದು ಕಿವಿಯಲ್ಲಿ ನೋವು; ಆದರೆ ಕಿವಿಯಲ್ಲಿ ದೋಷವೇನೂ ಇಲ್ಲ. ಮೊದಲು ಕಷಾಯವಾಯಿತು, ಅನಂತರ ಲೇಪವಾಯಿತು. ಹೆಂಡತಿಯ ಒತ್ತಾಯ ಬಲಿಯದಿದ್ದರೆ ಇನ್ನೂ ಎರಡು ತಿಂಗಳು ಕಳೆಯುತ್ತಿದ್ದುವೋ ಏನೋ! ಕೊನೆಗೆ ಎರ್ಮಾಳು, ಉಚ್ಚಿಲ, ಕಾಪು, ಕಟಪಾಡಿ, ಉದ್ಯಾವರಗಳನ್ನು ದಾಟಿ ಉಡುಪಿಗೂ, ಅಲ್ಲಿಂದ ಗುಡ್ಡವನ್ನೇರಿ ಮಣಿಪಾಲಕ್ಕೂ ಬಸ್ಸು ಆತನನ್ನು ಕೊಂಡೊಯ್ದಿತು. ನಾಲಗೆಯ ಬುಡದಿಂದ ಚಿಟಿಕೆಯಷ್ಟು ಮಾಂಸವನ್ನು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಎಂಬುದು ಖಚಿತವಾಯಿತು.

ವೈದ್ಯರು ಕಿರಣ ಚಿಕಿತ್ಸೆಯ ಮಾತೆತ್ತಿದಾಗ ಆತನು ಕೇಳಿದ ಮೊದಲ ಪ್ರಶ್ನೆ, ಇಂತಹ ಸಂದರ್ಭದಲ್ಲಿ ಬಹುಮಂದಿ ಕೇಳುವುದೇ ಆಗಿತ್ತು:

"ಕರೆಂಟು ಕೊಟ್ಟರೆ ಒಳಗೆಲ್ಲ ಸುಟ್ಟುಹೋಗುವುದಿಲ್ಲವೆ, ಡಾಕ್ಟ್ರೇ?"

ಬಾಯಲ್ಲಿ ಬಿತ್ತಿದ ಬೆಳೆ

ಆ ಪ್ರಶ್ನೆಗೆ ಉತ್ತರವನ್ನು ತಿಳಿಯುವ ಮೊದಲು ರೋಗದ ಬೇರನ್ನು ನೋಡಬೇಕು. ತುಟಿ, ನಾಲಗೆ, ಕೆನ್ನೆಯ ಒಳಮೈ, ಟಾನ್ಸಿಲ್, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಹಿಂಭಾಗ, ಲಾಲಾಗ್ರಂಥಿಗಳು—ಇವುಗಳ ಕ್ಯಾನ್ಸರುಗಳನ್ನೆಲ್ಲ ವೈದ್ಯರು ಕತ್ತು-ತಲೆಗಳ ಕ್ಯಾನ್ಸರ್ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಇವುಗಳಲ್ಲಿ ಹೆಚ್ಚಿನವು ಹಾದಿಯ ಒಳಗೋಡೆಗೆ ಹೊದಿಸಿರುವ ತೆಳುಪೊರೆಯಲ್ಲಿ ಹುಟ್ಟುವಂತಹವು. ತುಟಿ ಮತ್ತು ಬಾಯಿಯ ಕ್ಯಾನ್ಸರುಗಳೇ ಭಾರತದಲ್ಲಿ ೨೦೨೨ನೆಯ ಒಂದೇ ವರ್ಷ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಮಂದಿಗೆ ಹೊಸದಾಗಿ ತಗುಲಿದುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು.

ಇಷ್ಟು ದೊಡ್ಡ ಸಂಖ್ಯೆಗೆ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಬೀಡಿ, ಸಿಗರೇಟು, ಜಗಿಯುವ ಹೊಗೆಸೊಪ್ಪು, ಗುಟ್ಕಾ, ಮದ್ಯ—ಇವು ಮುಖ್ಯ ಅಪರಾಧಿಗಳು. ಹೊಗೆಸೊಪ್ಪೂ ಮದ್ಯವೂ ಕೂಡಿದರೆ ಅಪಾಯವು ಎರಡರ ಮೊತ್ತವಾಗಿ ನಿಲ್ಲದೆ ಹಲವು ಮಡಿಯಾಗಿ ಬೆಳೆಯುತ್ತದೆ. ಕರಾವಳಿಗರು ಕೇಳಲೊಲ್ಲದ ಮಾತು ಇನ್ನೊಂದಿದೆ. ಹೊಗೆಸೊಪ್ಪು ಸೇರದ ಬರಿಯ ಎಲೆ-ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಅದೇ ಸಂಶೋಧನಾ ವಿಭಾಗವು ೨೦೦೪ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಅಡಿಕೆಯ ತೋಟಗಳಿಂದ ಅನ್ನ ಕಾಣುವ, ಮದುವೆಯ ಮನೆಯಲ್ಲಿ ಮೊದಲು ವೀಳ್ಯವನ್ನು ನೀಡಿ ಉಪಚರಿಸುವ ನಾಡಿಗೆ ಇದು ಕಹಿಯಾದ ಸತ್ಯ. ವೀಳ್ಯವನ್ನು ತಟ್ಟೆಯಲ್ಲಿಟ್ಟು ಗೌರವಿಸುವುದಕ್ಕೂ, ದಿನವೆಲ್ಲ ದವಡೆಯಲ್ಲಿಟ್ಟು ಜಗಿಯುವುದಕ್ಕೂ ಇರುವ ಅಂತರವನ್ನು ಅರಿತರೆ ಸಂಪ್ರದಾಯಕ್ಕೆ ಕುಂದಿಲ್ಲ, ಪ್ರಾಣಕ್ಕೂ ಕುಂದಿಲ್ಲ. ಇವಲ್ಲದೆ ಪ್ಯಾಪಿಲೋಮಾ ಎಂಬ ವೈರಾಣುವೂ ಟಾನ್ಸಿಲ್ ಮತ್ತು ನಾಲಗೆಯ ಬುಡದ ಕ್ಯಾನ್ಸರನ್ನು ತರಬಲ್ಲದು. ಪಾಶ್ಚಾತ್ಯ ದೇಶಗಳಲ್ಲಿ ಅದರ ಹಾವಳಿ ಹೆಚ್ಚು.

ಬಾಯಿಯ ಮುಂಭಾಗದ ಕ್ಯಾನ್ಸರುಗಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಮೊದಲು. ಅವಶ್ಯಕತೆಯನ್ನು ನೋಡಿಕೊಂಡು ಅನಂತರ ಕಿರಣ. ಆದರೆ ನಾಲಗೆಯ ಬುಡ, ಗಂಟಲು, ಧ್ವನಿಪೆಟ್ಟಿಗೆ—ಈ ಎಡೆಗಳಲ್ಲಿ ಕತ್ತಿಯು ಕೊಳ್ಳುವ ಬೆಲೆ ದೊಡ್ಡದು. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರೆ ರೋಗವು ಹೋದೀತು, ಅದರೊಡನೆ ದನಿಯೂ ಹೋದೀತು. ಅಂತಹ ಕಡೆಗಳಲ್ಲಿ ಅಂಗವನ್ನು ಉಳಿಸಿ ರೋಗವನ್ನು ಕಳೆಯಲು ಕಿರಣವೇ ಮುಂದಾಗುತ್ತದೆ. ಧ್ವನಿತಂತುವಿಗೆ ತಗುಲಿದ ಕ್ಯಾನ್ಸರನ್ನು ತೀರ ಮೊದಲ ಹಂತದಲ್ಲಿಯೇ ಗುರುತಿಸಿದರೆ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಕಿರಣ ಚಿಕಿತ್ಸೆಯೊಂದರಿಂದಲೇ ರೋಗವು ಹತೋಟಿಗೆ ಬರುತ್ತದೆ, ದನಿಯೂ ಉಳಿಯುತ್ತದೆ.

ದಿನಕ್ಕೊಂದು ಪಿಗ್ಮಿ

ಜರ್ಮನಿಯ ವಿಜ್ಞಾನಿ ರಂಟ್ಜೆನ್ ೧೮೯೫ರ ನವೆಂಬರಿನಲ್ಲಿ ಕ್ಷ-ಕಿರಣವನ್ನು ಕಂಡನು. ಮೂರು ವರ್ಷಗಳ ಬಳಿಕ, ೧೮೯೮ರಲ್ಲಿ, ಪ್ಯಾರಿಸ್ಸಿನಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡರು. ಆ ಹೊಸ ಕಿರಣಗಳನ್ನು ವೈದ್ಯರು ಗಂತಿಗಳ ಮೇಲೆ ಪ್ರಯೋಗಿಸಲು ತಡಮಾಡಲಿಲ್ಲ. ಆದರೆ ಒಂದೆರಡು ಬಾರಿಗೆ ದೊಡ್ಡ ಪ್ರಮಾಣವನ್ನು ಸುರಿದುದರಿಂದ ಗಂತಿಯೊಡನೆ ಚರ್ಮವೂ ಮಾಂಸವೂ ಬೆಂದುಹೋದುವು. ಕಿರಣವೆಂದರೆ ಸುಡುವುದು ಎಂಬ ಭಯವು ಜನರ ಮನಸ್ಸಿನಲ್ಲಿ ಬೇರೂರಿದ್ದು ಆ ಕಾಲದಲ್ಲಿ.

ಹೊಸ ದಾರಿ ತೆರೆದುದು ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯಲ್ಲಿ. ಅಲ್ಲಿಯ ಕ್ಲೌಡಿಯಸ್ ರೆಗೋ ಎಂಬ ವಿಜ್ಞಾನಿಯು, ಒಂದೇ ಸಲಕ್ಕೆ ಕೊಟ್ಟಾಗ ಚರ್ಮವನ್ನು ಕೆಡಿಸುತ್ತಿದ್ದ ಕಿರಣವನ್ನು ದಿನಗಳ ಮೇಲೆ ಹಂಚಿ ಕೊಟ್ಟರೆ ಒಳಗಿನ ಗುರಿ ನಾಶವಾಗಿ ಚರ್ಮವು ಉಳಿಯುವುದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದನು. ಆತನ ಸಂಗಡಿಗ ಆನ್ರಿ ಕೂತಾರ್ ೧೯೨೦ರ ದಶಕದಲ್ಲಿ ಈ ತತ್ತ್ವವನ್ನು ಗಂಟಲಿನ ಕ್ಯಾನ್ಸರಿಗೆ ಅನ್ವಯಿಸಿ, ಕೈಬಿಟ್ಟಿದ್ದ ರೋಗಿಗಳನ್ನು ಗುಣಪಡಿಸಿದನು. ಕಿರಣ ಚಿಕಿತ್ಸೆಯ ಅತಿ ದೊಡ್ಡ ಪಾಠವು ಕಲಿತುಬಂದುದು ಕಂಠದಿಂದಲೇ ಎಂಬುದು ಗಮನಾರ್ಹ.

ಈ ಪಾಠವು ಉಡುಪಿಯ ಸೀಮೆಯವರಿಗೆ ಸುಲಭವಾಗಿ ತಿಳಿಯತಕ್ಕದ್ದು. ಮಣಿಪಾಲದ ಬೋಳುಗುಡ್ಡದ ಮೇಲೆ ೧೯೫೩ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಡಾ. ಟಿ. ಎಂ. ಎ. ಪೈ (೧೮೯೮-೧೯೭೯) ಅವರು ವೈದ್ಯರು ಮಾತ್ರವಲ್ಲ, ಬ್ಯಾಂಕನ್ನು ಕಟ್ಟಿದವರೂ ಹೌದು. ತಮ್ಮ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರೊಡನೆ ಸೇರಿ ಅವರು ೧೯೨೫ರಲ್ಲಿ ಉಡುಪಿಯಲ್ಲಿ ತೆರೆದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸಿದನು. ಎರಡಾಣೆ ಕೊಟ್ಟವನಿಗೆ ಅಂದಿನ ಸಂತೆಗೆ ಕೊರತೆಯಾಗಲಿಲ್ಲ. ವರ್ಷಗಳ ಕೊನೆಯಲ್ಲಿ ಕೈಗೆ ಗಂಟು ಬಂದಿತು.

ಕಿರಣ ಚಿಕಿತ್ಸೆಯ ಲೆಕ್ಕವೂ ಹೀಗೆಯೇ. ಕಿರಣದ ಅಳತೆಗೆ ಗ್ರೇ ಎಂದು ಹೆಸರು. ಕತ್ತು-ತಲೆಗಳ ಕ್ಯಾನ್ಸರನ್ನು ಕಿರಣದಿಂದಲೇ ಗುಣಪಡಿಸಬೇಕಾದರೆ ಸಾಮಾನ್ಯವಾಗಿ ೭೦ ಗ್ರೇ ಬೇಕು. ಅದನ್ನು ದಿನಕ್ಕೆ ೨ ಗ್ರೇಯಂತೆ, ವಾರಕ್ಕೆ ಐದು ದಿನ, ಏಳು ವಾರಗಳಲ್ಲಿ ೩೫ ಕಂತುಗಳಾಗಿ ಕೊಡುತ್ತಾರೆ. ಕಿರಣವು ಜೀವಕೋಶದ ತಿರುಳಿನಲ್ಲಿರುವ ಡಿ.ಎನ್.ಎ. ಎಳೆಗಳನ್ನು ತುಂಡರಿಸುತ್ತದೆ. ಆರೋಗ್ಯವಾದ ಕೋಶವು ಆ ತುಂಡನ್ನು ಮರುದಿನದೊಳಗೆ ಬಹುಮಟ್ಟಿಗೆ ಹೊಸೆದುಕೊಳ್ಳುತ್ತದೆ. ಕ್ಯಾನ್ಸರಿನ ಕೋಶಕ್ಕೆ ಆ ಚಾತುರ್ಯ ಕಡಿಮೆ. ಮುರಿದ ಎಳೆಯನ್ನು ಹೊತ್ತುಕೊಂಡೇ ಅದು ಇಬ್ಭಾಗವಾಗಲು ಹೋಗಿ ಸಾಯುತ್ತದೆ. ದಿನದಿನದ ಈ ಸಣ್ಣ ವ್ಯತ್ಯಾಸವೇ ಏಳು ವಾರಗಳಲ್ಲಿ ಬೆಳೆದು ರೋಗಿಯ ಗೆಲವಾಗುತ್ತದೆ.

ಇನ್ನು ಸುಡುವ ಪ್ರಶ್ನೆ. ೭೦ ಗ್ರೇಯನ್ನು ಒಟ್ಟಿಗೇ ನೀರಿಗೆ ಕೊಟ್ಟರೂ ಆ ನೀರಿನ ಬಿಸಿಯು ಒಂದು ಡಿಗ್ರಿಯ ಐವತ್ತನೆಯ ಒಂದು ಪಾಲಿನಷ್ಟೂ ಏರುವುದಿಲ್ಲ. ಗುಟುಕು ಚಹಾದಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶಾಖವುಂಟು! ಚಿಕಿತ್ಸೆಯ ವೇಳೆ ರೋಗಿಗೆ ನೋವಾಗುವುದಿಲ್ಲ, ಬಿಸಿ ತಟ್ಟುವುದಿಲ್ಲ, ವಿದ್ಯುತ್ತಿನ ಆಘಾತವಂತೂ ಇಲ್ಲವೇ ಇಲ್ಲ. ವಾರಗಳು ಕಳೆದಂತೆ ಚರ್ಮ ಕಪ್ಪಾಗುವುದೂ ಬಾಯಿ ಹುಣ್ಣಾಗುವುದೂ ಬೆಂಕಿಯಿಂದಲ್ಲ. ಸವೆದ ಕೋಶಗಳ ಜಾಗಕ್ಕೆ ಹೊಸವು ಬರುವುದು ತಡವಾಗುವುದರಿಂದ. ಹೊರಗಿನ ಯಂತ್ರದಿಂದ ಕಿರಣವನ್ನು ಪಡೆದವನ ಮೈಯಲ್ಲಿ ಕಿರಣವು ಉಳಿದುಕೊಳ್ಳುವುದೂ ಇಲ್ಲ. ಆತನು ಮನೆಗೆ ಬಂದು ಮೊಮ್ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಮುಖವಾಡ ಮತ್ತು ನಕಾಶೆ

ಕ್ಷ-ಕಿರಣದ ಹಳೆಯ ಯಂತ್ರಗಳಿಗೆ ಆಳಕ್ಕಿಳಿಯುವ ಕಸುವು ಸಾಲದು. ೧೯೫೧ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್ ಯಂತ್ರವು ಬಂದಿತು. ೧೯೫೩ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ರೇಖೀಯ ವೇಗವರ್ಧಕವೆಂಬ ಯಂತ್ರವು ಮೊದಲ ರೋಗಿಗೆ ಚಿಕಿತ್ಸೆ ನೀಡಿತು. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ, ಟಂಗ್‌ಸ್ಟನ್ ಲೋಹದ ಗುರಿಗೆ ಅಪ್ಪಳಿಸಿ, ಆ ಹೊಡೆತದಿಂದ ಪ್ರಬಲವಾದ ಕ್ಷ-ಕಿರಣವನ್ನು ಹೊರಡಿಸುವುದು ಇದರ ವಿಧಾನ. ಮಣಿಪಾಲಕ್ಕೆ ವೈದ್ಯಕೀಯ ಕಾಲೇಜು ಬಂದ ವರ್ಷವೂ ಅದೇ.

ಕಸುವೇನೋ ಬಂದಿತು; ವಿವೇಕವು ಇನ್ನೂ ಬರಬೇಕಾಗಿತ್ತು. ಹಳೆಯ ಕ್ರಮದಲ್ಲಿ ಮುಖದ ಎಡಬಲಗಳಿಂದ ಎರಡು ಚೌಕವಾದ ಕಿರಣಗಳನ್ನು ಹಾಯಿಸುತ್ತಿದ್ದರು. ಗಂತಿಯು ಅದರೊಳಗೆ ಸಿಕ್ಕಿಬೀಳುತ್ತಿತ್ತು, ನಿಜ. ಆದರೆ ಕಿವಿಗಳ ಕೆಳಗಿನ ದೊಡ್ಡ ಲಾಲಾಗ್ರಂಥಿಗಳೆರಡೂ ಅದರಲ್ಲಿಯೇ ಸಿಕ್ಕಿಬೀಳುತ್ತಿದ್ದುವು. ರೋಗದಿಂದ ಪಾರಾದವನ ಬಾಯಿಯು ಬೇಸಗೆಯ ಕೆರೆಯಂತೆ ಬತ್ತುತ್ತಿತ್ತು. ಕುಚ್ಚಲಕ್ಕಿಯ ಅನ್ನವು ಗಂಟಲಿನಲ್ಲಿ ಇಳಿಯದು. ರಾತ್ರಿ ಹತ್ತು ಸಲ ಎದ್ದು ನೀರು ಕುಡಿಯಬೇಕು. ಜೊಲ್ಲಿನ ಕಾವಲಿಲ್ಲದ ಹಲ್ಲುಗಳು ಒಂದೊಂದಾಗಿ ಹುಳುಕಾಗುವುವು. ಪ್ರಾಣವುಳಿಯಿತು, ಸುಖವುಳಿಯಲಿಲ್ಲ.

ನಿಖರ ಕಿರಣ ಚಿಕಿತ್ಸೆಯ ಹುಟ್ಟಿಗೆ ಈ ಸಂಕಟವೂ ಒಂದು ಕಾರಣ. ೧೯೮೦ರ ದಶಕದಲ್ಲಿ ಅದರ ಗಣಿತ ರೂಪುಗೊಂಡು, ೧೯೯೦ರ ದಶಕದಲ್ಲಿ ಅದು ಆಸ್ಪತ್ರೆಗಳಿಗೆ ಬಂದಿತು. ಇಂದು ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆಗೆ ಸೇರಿದ ಶಿರಡಿ ಸಾಯಿಬಾಬಾ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯಿದೆ. ಇಂತಹ ಕೇಂದ್ರಗಳಲ್ಲಿ ಚಿಕಿತ್ಸೆಯು ನಡೆಯುವ ಬಗೆಯು ಹೀಗೆ:

ಮೊದಲು ಹಲ್ಲುಗಳ ಪರೀಕ್ಷೆ. ಕೆಟ್ಟ ಹಲ್ಲುಗಳನ್ನು ಚಿಕಿತ್ಸೆಗೆ ಮುಂಚೆಯೇ ಕಿತ್ತು, ಗಾಯವು ಮಾಯುವವರೆಗೆ ಕಾಯಬೇಕು. ಕಿರಣ ಬಿದ್ದ ದವಡೆಯಿಂದ ಆಮೇಲೆ ಹಲ್ಲು ಕೀಳಿಸಿದರೆ ಮೂಳೆಯೇ ಕೊಳೆಯುವ ಭಯವುಂಟು. ಅನಂತರ ಮುಖವಾಡ. ತುಳುನಾಡಿನವರು ಭೂತಸ್ಥಾನದ ಲೋಹದ ಮೊಗಗಳನ್ನು ಬಲ್ಲರು; ಇದು ಬಿಳಿಯ ಪ್ಲಾಸ್ಟಿಕ್ಕಿನ ಜಾಲರಿ. ಬಿಸಿನೀರಿನಲ್ಲಿ ಅದ್ದಿದಾಗ ಮೆತ್ತಗಾಗುವ ಹಾಳೆಯನ್ನು ರೋಗಿಯ ಮುಖ, ಹೆಗಲುಗಳ ಮೇಲೆ ಹಾಸಿ ಒತ್ತುತ್ತಾರೆ. ಕೆಲವು ನಿಮಿಷಗಳಲ್ಲಿ ಅದು ಆತನ ಮುಖದ ಏರಿಳಿತಗಳಂತೆಯೇ ಗಟ್ಟಿಯಾಗುತ್ತದೆ. ಉಸಿರಾಡಲು ತೂತುಗಳಿರುತ್ತವೆ. ಏಳು ವಾರವೂ ಆತನು ಅದನ್ನೇ ಧರಿಸಿ, ತಲೆ ಕದಲದಂತೆ ಮೇಜಿಗೆ ಬಂಧಿತನಾಗಿ ಮಲಗಬೇಕು.

ಮುಖವಾಡವನ್ನು ತೊಡಿಸಿಯೇ ಸಿ.ಟಿ. ಯಂತ್ರದಲ್ಲಿ ಕತ್ತಿನ ಚಿತ್ರಗಳನ್ನು ಕೆಲವೇ ಮಿಲಿಮೀಟರುಗಳ ಪದರ ಪದರವಾಗಿ ತೆಗೆಯುತ್ತಾರೆ. ಕಿರಣ ವೈದ್ಯರು ಒಂದೊಂದು ಪದರದ ಮೇಲೂ ಕೈಯಿಂದ ಗೆರೆಯೆಳೆಯುತ್ತಾರೆ. ಕಣ್ಣಿಗೆ ಕಾಣುವ ಗಂತಿ ಒಂದು ಗೆರೆಯೊಳಗೆ. ಕಣ್ಣಿಗೆ ಕಾಣದೆ ರೋಗವು ಹರಡಿರಬಹುದಾದ ಎಡೆಯು ಅದರ ಸುತ್ತಣ ಗೆರೆಯೊಳಗೆ. ರೋಗಿಯು ಎಳ್ಳಷ್ಟು ಅಲುಗಿದರೂ ಗುರಿ ತಪ್ಪದಿರಲೆಂದು ಮೂರರಿಂದ ಐದು ಮಿಲಿಮೀಟರಿನ ಇನ್ನೊಂದು ಗೆರೆ. ಬಳಿಕ ಉಳಿಸಬೇಕಾದವುಗಳ ಗೆರೆಗಳು: ಬೆನ್ನುಹುರಿ, ಮಿದುಳಿನ ಕಾಂಡ, ಲಾಲಾಗ್ರಂಥಿಗಳು, ದವಡೆ, ನುಂಗುವ ಸ್ನಾಯುಗಳು.

ಈ ನಕಾಶೆಯನ್ನು ಭೌತವಿಜ್ಞಾನಿಯ ಕೈಗೆ ಕೊಡುತ್ತಾರೆ. ಗಂತಿಗೆ ೭೦ ಗ್ರೇ ಬೀಳಬೇಕು. ಬೆನ್ನುಹುರಿಗೆ ೪೫ರ ಆಸುಪಾಸನ್ನು ಮೀರಬಾರದು, ಮೀರಿದರೆ ಕೈಕಾಲುಗಳು ಸ್ವಾಧೀನ ತಪ್ಪುವ ಅಪಾಯ. ಲಾಲಾಗ್ರಂಥಿಗೆ ಸರಾಸರಿ ೨೬ ಗ್ರೇಯೊಳಗೇ ಇರಬೇಕು, ಇದ್ದರೆ ಅದು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತದೆ. ಹಿಂದೆ ಮನುಷ್ಯನು ಕಿರಣದ ದಿಕ್ಕನ್ನು ಆರಿಸಿ ಫಲವನ್ನು ನೋಡುತ್ತಿದ್ದನು. ಈಗ ಬೇಕಾದ ಫಲವನ್ನು ಮೊದಲೇ ಹೇಳಿ, ಅದಕ್ಕೆ ತಕ್ಕ ಕಿರಣಗಳನ್ನು ಹುಡುಕಿಕೊಡೆಂದು ಗಣಕಯಂತ್ರಕ್ಕೆ ಆಜ್ಞಾಪಿಸುತ್ತಾನೆ.

ಬಾಚಣಿಗೆಯ ಹಲ್ಲುಗಳು

ಗಣಕಯಂತ್ರವು ಕಂಡುಕೊಂಡುದನ್ನು ಕಾರ್ಯಕ್ಕೆ ತರುವುದು ಯಂತ್ರದ ಮೂತಿಯಲ್ಲಿರುವ ಟಂಗ್‌ಸ್ಟನ್ನಿನ ತೆಳ್ಳನೆಯ ಫಲಕಗಳು. ಎದುರುಬದುರಾಗಿ ನಿಂತ ಎರಡು ಬಾಚಣಿಗೆಗಳನ್ನು ನೆನೆದುಕೊಂಡರೆ ಅವುಗಳ ಆಕಾರ ಹೊಳೆಯುತ್ತದೆ. ನೂರರ ಆಸುಪಾಸಿನ ಈ ಹಲ್ಲುಗಳಲ್ಲಿ ಒಂದೊಂದೂ ತನ್ನ ಪಾಡಿಗೆ ತಾನು ಮುಂದೆ ಹಿಂದೆ ಸರಿಯಬಲ್ಲದು. ಯಂತ್ರವು ರೋಗಿಯ ಸುತ್ತ ತಿರುಗುತ್ತಿರುವಂತೆ ಹಲ್ಲುಗಳು ಸರಿದಾಡಿ ಕಿರಣದ ಕಿಂಡಿಯ ಆಕಾರವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತವೆ. ಒಂದು ದಿಕ್ಕಿನಿಂದ ಬಂದ ಕಿರಣ ದುರ್ಬಲ. ಎಲ್ಲ ದಿಕ್ಕುಗಳಿಂದ ಬಂದವು ಕೂಡುವ ಎಡೆಯಲ್ಲಿ ಪ್ರಬಲ. ಆ ಎಡೆಯು ಗಂತಿಯ ಆಕಾರದಲ್ಲಿಯೇ ಇರುತ್ತದೆ. ಬೆನ್ನುಹುರಿಯಿರುವಲ್ಲಿ ಒಳಕ್ಕೆ ಬಾಗಿ ಅದನ್ನು ಬಳಸಿಕೊಂಡು ಹೋಗುತ್ತದೆ.

ಇದು ಬರಿಯ ಯಂತ್ರದ ಬೆಡಗೆ? ಇದರಿಂದ ರೋಗಿಗೆ ನಿಜವಾಗಿ ಲಾಭವಾಯಿತೆ? ಬ್ರಿಟಿಷ್ ವೈದ್ಯರು ಇದನ್ನು ಒರೆಗೆ ಹಚ್ಚಿ ೨೦೧೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಳೆಯ ಕ್ರಮದ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ತರುವಾಯ ನೂರಕ್ಕೆ ೭೪ ಮಂದಿಗೆ ಬಾಯಿ ಒಣಗುವ ಬಾಧೆ ಗಣನೀಯವಾಗಿತ್ತು; ಹೊಸ ಕ್ರಮದವರಲ್ಲಿ ನೂರಕ್ಕೆ ೩೮ ಮಂದಿಗೆ ಮಾತ್ರ. ೨೦೨೩ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ನುಂಗುವ ಸ್ನಾಯುಗಳಿಗೆ ಕಿರಣವು ಕಡಿಮೆ ಬೀಳುವಂತೆ ನಕಾಶೆ ಹಾಕಿದರೆ ರೋಗಿಗಳು ವರ್ಷದ ಬಳಿಕ ಚೆನ್ನಾಗಿ ನುಂಗಬಲ್ಲರೆಂದು ಕಂಡುಬಂದಿತು. ಉಣ್ಣುವವನಿಗೇ ತಿಳಿಯುವ ಲಾಭಗಳಿವು.

ಆದರೆ ನಿಖರತೆಗೆ ಅದರದೇ ಆದ ಅಪಾಯವಿದೆ. ಅಗಲವಾದ ಬಲೆ ಬೀಸಿದವನಿಗೆ ದೋಣಿ ತುಸು ತೊನೆದರೂ ಚಿಂತೆಯಿಲ್ಲ. ಗಾಳದಿಂದಲೇ ಹಿಡಿಯಹೊರಟವನಿಗೆ ಕೈ ನಡುಗಬಾರದು. ಗೆರೆಯ ಹೊರಗುಳಿದ ರೋಗವು ಚಿಕಿತ್ಸೆಯ ಹೊರಗೂ ಉಳಿಯಿತೆಂದೇ ಅರ್ಥ. ಆದುದರಿಂದ ನಕಾಶೆಯನ್ನು ರೋಗಿಯ ಮೇಲೆ ಪ್ರಯೋಗಿಸುವ ಮೊದಲು ಅಳತೆಯ ಗೊಂಬೆಯೊಂದರ ಮೇಲೆ ಪ್ರಯೋಗಿಸಿ ತಾಳೆ ನೋಡುತ್ತಾರೆ. ಚಿಕಿತ್ಸೆಯ ಮೇಜಿನ ಮೇಲೆಯೇ ಮತ್ತೆ ಚಿತ್ರ ತೆಗೆದು, ಸ್ಥಾನವು ಸರಿಯಾಗಿದೆಯೇ ಎಂದು ನೋಡಿಕೊಳ್ಳುತ್ತಾರೆ. ರೋಗಿಯು ತೂಕವನ್ನು ಕಳೆದುಕೊಂಡು ಮುಖವಾಡ ಸಡಿಲವಾದರೆ ಹೊಸ ಮುಖವಾಡ, ಹೊಸ ನಕಾಶೆ.

ಮೂವತ್ತೈದು ಪಯಣ

ಯಂತ್ರದ ಕೆಲಸವು ದಿನಕ್ಕೆ ಹತ್ತು-ಹದಿನೈದು ನಿಮಿಷ. ಉಳಿದುದು ಮನುಷ್ಯನ ಕೆಲಸ. ಪಡುಬಿದ್ರಿಯಿಂದ ಮಣಿಪಾಲಕ್ಕೆ ಸುಮಾರು ಮೂವತ್ತು ಕಿಲೋಮೀಟರು. ಹೋಗಿಬರಲು ಅರವತ್ತು, ಮೂವತ್ತೈದು ದಿನಕ್ಕೆ ಎರಡು ಸಾವಿರದ ಒಂದುನೂರು. ಕರಾವಳಿಯಿಂದ ಹೊರಟವನು ದೆಹಲಿಯನ್ನು ಮುಟ್ಟುವಷ್ಟು ದಾರಿ!

ಮೊದಲ ಎರಡು ವಾರಗಳಲ್ಲಿ ಆ ಗೃಹಸ್ಥನಿಗೆ ಇದೇನು ಮಹಾ ಎನಿಸಿತು. ಮೂರನೆಯ ವಾರದಲ್ಲಿ ನಾಲಗೆಯಿಂದ ರುಚಿ ತೊಲಗಿತು. ಬಂಗುಡೆಯ ಸಾರೂ ಬಿಸಿನೀರೂ ಒಂದೇ ಆದುವು. ನಾಲ್ಕನೆಯ ವಾರದಲ್ಲಿ ಬಾಯಿಯೊಳಗೆ ಹುಣ್ಣುಗಳೆದ್ದುವು. ವಾರಕ್ಕೊಮ್ಮೆ ರಕ್ತನಾಳದ ಮೂಲಕ ಸಿಸ್‌ಪ್ಲಾಟಿನ್ ಎಂಬ ಮದ್ದು ಬೇರೆ. ಮುಂದುವರಿದ ರೋಗದಲ್ಲಿ ಕಿರಣದೊಡನೆ ಮದ್ದನ್ನೂ ಕೊಟ್ಟರೆ ಐದು ವರ್ಷಗಳ ಬಳಿಕ ಬದುಕಿರುವವರ ಸಂಖ್ಯೆ ನೂರಕ್ಕೆ ಆರು-ಏಳರಷ್ಟು ಹೆಚ್ಚುವುದೆಂದು ಸಾವಿರಾರು ರೋಗಿಗಳ ಲೆಕ್ಕವು ತೋರಿಸಿದೆ. ಲಾಭವುಂಟು, ವಾಕರಿಕೆಯೂ ಉಂಟು. ಐದನೆಯ ವಾರದಲ್ಲಿ ತೆಳುಗಂಜಿಯೂ ಇಳಿಯದಾದಾಗ ಮೂಗಿನಿಂದ ಹೊಟ್ಟೆಗೆ ಸಣ್ಣ ಕೊಳವೆಯನ್ನಿಳಿಸಿ ಆಹಾರ ಕೊಡಬೇಕಾಯಿತು.

ಆ ದಿನಗಳಲ್ಲಿಯೇ ಊರಿನಲ್ಲಿ ಢಕ್ಕೆಬಲಿ ಬಂದಿತು. ಮನೆ ತುಂಬ ನೆಂಟರು, ಹೊರಗೆ ಮುಖ ತೋರಿಸಲು ನಾಚಿಕೆ, ಮೈಯಲ್ಲಿ ತ್ರಾಣವಿಲ್ಲ. "ಒಂದು ವಾರ ಬಿಟ್ಟು ಹೋದರಾಗದೆ? ಇಷ್ಟು ಕೊಟ್ಟದ್ದು ಸಾಲದೆ?" ಎಂದು ಆತನು ಹೆಂಡತಿಗೆ ಚೀಟಿಯಲ್ಲಿ ಬರೆದು ತೋರಿಸಿದನು. ಏಕೆಂದರೆ ಮಾತನಾಡಿದರೆ ಉರಿಯುತ್ತಿತ್ತು.

ಈ ಪ್ರಶ್ನೆಯ ಮುಂದೆ ಕೋಟಿಗಟ್ಟಲೆ ಬೆಲೆಯ ಯಂತ್ರವೂ ಕೈಚೆಲ್ಲಿ ನಿಲ್ಲುತ್ತದೆ. ಚಿಕಿತ್ಸೆ ನಾಲ್ಕಾರು ವಾರ ನಡೆದ ಮೇಲೆ ಉಳಿದಿರುವ ಕ್ಯಾನ್ಸರ್ ಕೋಶಗಳು ಮೊದಲಿಗಿಂತಲೂ ವೇಗವಾಗಿ ವೃದ್ಧಿಯಾಗತೊಡಗುತ್ತವೆ. ಚಿಕಿತ್ಸೆಯು ಒಂದು ದಿನ ಲಂಬಿಸಿದರೆ ರೋಗವು ಹತೋಟಿಗೆ ಬರುವ ಸಂಭವವು ನೂರಕ್ಕೆ ಒಂದು-ಒಂದೂವರೆಯಷ್ಟು ಕುಗ್ಗುವುದೆಂದು ತಜ್ಞರ ಎಣಿಕೆ. ವಾರವೊಂದನ್ನು ಬಿಟ್ಟರೆ ಏನಾದೀತೆಂಬುದನ್ನು ವಾಚಕರೇ ಗುಣಿಸಿಕೊಳ್ಳಬಹುದು. ಪಿಗ್ಮಿಯ ಕಂತು ತಪ್ಪಿದರೆ ಗಂಟು ಸ್ವಲ್ಪ ಕಿರಿದಾದೀತು, ಅಷ್ಟೆ. ಇಲ್ಲಿಯ ಕಂತು ತಪ್ಪಿದರೆ ಸಾಲಗಾರನು ಬಡ್ಡಿಯೊಡನೆ ಮನೆಗೆ ಬರುತ್ತಾನೆ. ಜ್ವರದಿಂದಲೋ ಯಂತ್ರ ಕೆಟ್ಟುದರಿಂದಲೋ ಅನಿವಾರ್ಯವಾಗಿ ಒಂದು ದಿನ ತಪ್ಪಿದರೆ, ಅದನ್ನು ರಜಾದಿನದಲ್ಲಿಯಾಗಲಿ, ಒಂದೇ ದಿನ ಆರು ಗಂಟೆಗಳಿಗೆ ಕಡಮೆಯಿಲ್ಲದ ಅಂತರದಲ್ಲಿ ಎರಡು ಸಲವಾಗಲಿ ಕೊಟ್ಟು ತುಂಬಿಸುವ ಉಪಾಯವನ್ನು ವೈದ್ಯರು ಬಲ್ಲರು. ತಪ್ಪಿದ ದಿನವನ್ನು ಮುಚ್ಚಿಡದೆ ಅವರಿಗೆ ತಿಳಿಸುವುದೇ ರೋಗಿಯ ಕರ್ತವ್ಯ. ಈ ಅವಧಿಯಲ್ಲಿ ಬೀಡಿ ಸೇದುವುದೂ ಕಿರಣದ ಕೆಲಸಕ್ಕೆ ಅಡ್ಡಗಾಲು. ಗಂತಿಗೆ ಆಮ್ಲಜನಕವು ಕಡಮೆಯಾದಷ್ಟೂ ಕಿರಣದ ಏಟು ದುರ್ಬಲವಾಗುತ್ತದೆ.

ಹೆಂಡತಿಯು ಚೀಟಿಯನ್ನು ಓದಿದಳು. ಉತ್ತರವನ್ನು ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಆತನ ಅಂಗಿಯನ್ನು ತೆಗೆದಿರಿಸಿ, ತಾನೂ ಸೀರೆ ಬದಲಿಸಿ ಹೊರಟು ನಿಂತಳು. ನೆಂಟರಿಗೆ ಭಾವನು ಅನ್ನ ಬಡಿಸಿದನು. ಇಪ್ಪತ್ತಾರನೆಯ ಕಂತು ತಪ್ಪಲಿಲ್ಲ.

ಹಣ ಮತ್ತು ಹೊತ್ತು

ಬಡವನಿಗೆ ಯಂತ್ರದ ಬೆಲೆಯೊಡನೆ ಬಸ್ಸಿನ ಚಾರ್ಜೂ, ದುಡಿಮೆಯಿಲ್ಲದ ದಿನಗಳೂ ಹೊರೆ. ಒಂದು ದಿನ ಕಡಲಿಗಿಳಿಯದಿದ್ದರೆ ಅಂದಿನ ಕೂಲಿಯಿಲ್ಲವೆನ್ನುವ ಮೀನುಗಾರನಿಗೂ, ಬೀಡಿ ಕಟ್ಟಿ ಸಂಸಾರ ತೂಗಿಸುವ ಹೆಂಗಸಿಗೂ ಏಳು ವಾರಗಳೆಂದರೆ ಅಲ್ಪವಲ್ಲ. ಕರ್ನಾಟಕದಲ್ಲಿ ೨೦೧೮ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ರೋಗವು ಖಚಿತವಾದೊಡನೆ ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಹಿಡಿದು ಸರಕಾರಿ ಆಸ್ಪತ್ರೆಯಲ್ಲಿಯೋ ಚಿಕಿತ್ಸೆ ಪಡೆಯುವ ಆಸ್ಪತ್ರೆಯ ಕೌಂಟರಿನಲ್ಲಿಯೋ ವಿಚಾರಿಸುವುದು ಲೇಸು. ಹಣವಿಲ್ಲವೆಂದು ಮನೆಯಲ್ಲಿ ಕುಳಿತವನಿಗೆ ನಷ್ಟವಾಗುವುದು ಹಣವಲ್ಲ, ಹೊತ್ತು.

ಹೊತ್ತಿನ ಬೆಲೆಯನ್ನು ಬಲ್ಲವರಿಗೆ ಕೆಲವು ಗುರುತುಗಳು ಸಾಕು. ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು, ಕೆನ್ನೆಯೊಳಗೆ ಬಿಳಿಯ ಇಲ್ಲವೆ ಕೆಂಪು ಮಚ್ಚೆ, ದಿನೇ ದಿನೇ ಬಾಯಿ ತೆರೆ ಕಿರಿದಾಗುವುದು, ಮೂರು ವಾರ ಮೀರಿದ ಗೊಗ್ಗರು ದನಿ, ನುಂಗುವಾಗ ಅಡ್ಡಿ, ಕಿವಿಯಲ್ಲಿ ದೋಷವಿಲ್ಲದೆ ಕಿವಿನೋವು, ಕತ್ತಿನಲ್ಲಿ ನೋವಿಲ್ಲದ ಗಂಟು. ಇವೆಲ್ಲವೂ ಕ್ಯಾನ್ಸರೇ ಆಗಬೇಕಾಗಿಲ್ಲ. ಆದರೆ ಆಗಿದ್ದರೆ, ಅಂದು ತೋರಿಸಿದವನಿಗೂ ಆರು ತಿಂಗಳು ಬಿಟ್ಟು ತೋರಿಸಿದವನಿಗೂ ಇರುವ ಅಂತರವು ಅಜಗಜಾಂತರ. ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳಲು ಯಾವ ಯಂತ್ರವೂ ಬೇಡ. ಹತ್ತಿರದ ದಂತವೈದ್ಯರೂ ಇದನ್ನು ಗುರುತಿಸಬಲ್ಲರು.

ಮೂವತ್ತೈದನೆಯ ದಿನ ಮುಖವಾಡವನ್ನು ಕಳಚಿ ಎದ್ದ ಗೃಹಸ್ಥನು ಗುಣಮುಖನಾದನೆ? ಅಂದೇ ಯಾರೂ ಹೇಳಲಾರರು. ಮೂರು ತಿಂಗಳ ಬಳಿಕ ಚಿತ್ರ ತೆಗೆದು ನೋಡಬೇಕು. ಆಮೇಲೆಯೂ ಐದು ವರ್ಷ, ಮೊದಮೊದಲು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ವೈದ್ಯರಿಗೆ ಕಂಠವನ್ನು ತೋರಿಸುತ್ತಿರಬೇಕು. ಬಾಯಿ ತೆರೆಯುವ, ನುಂಗುವ ವ್ಯಾಯಾಮಗಳನ್ನು ದಿನವೂ ಮಾಡಬೇಕು. ಹಲ್ಲುಗಳನ್ನು ಕಣ್ಣಿನಂತೆ ಕಾಯಬೇಕು. ಹುಣ್ಣುಗಳು ಕೆಲವು ವಾರಗಳಲ್ಲಿ ಮಾಯುತ್ತವೆ. ರುಚಿಯು ತಿಂಗಳುಗಳಲ್ಲಿ, ಕದ್ದು ಬರುವ ಅತಿಥಿಯಂತೆ, ಮರಳುತ್ತದೆ: ಮೊದಲು ಸಿಹಿಯ ಸುಳಿವು, ಬಳಿಕ ಉಪ್ಪು.

ಚಿಕಿತ್ಸೆ ಮುಗಿದ ನಂತರದ ಮೊದಲ ಮಳೆಗಾಲದಲ್ಲಿ ತಾಳಮದ್ದಳೆಯ ಚಾಪೆಯ ಮೇಲೆ ಅಂತಹವನೊಬ್ಬನು ಮತ್ತೆ ಬಂದು ಕುಳಿತರೆ ಆತನ ದನಿ ಹಿಂದಿನಷ್ಟು ದೂರ ಕೇಳಿಸದೆ ಇರಬಹುದು. ನಡುನಡುವೆ ನೀರಿನ ಲೋಟಕ್ಕೆ ಕೈ ಹೋಗಬಹುದು. ಎಡಗೈಯ ಬಳಿಯಲ್ಲಿ ಹರಿವಾಣವಿರುವುದಿಲ್ಲ. ಆದರೆ ಆಡುವ ಮಾತು ಆತನದೇ ಆಗಿರುತ್ತದೆ.